ಕಿವಿ ಸುಡುವ ಕ್ಲಿಪ್ಪು

ಉಸಿರು ಕೊಟ್ಟ ಶಿವ, ಅದನ್ನು ಒಳಗೆ ಎಳೆಯುವುದರ ಜೊತೆಗೆ ಹೊರಗೆ ಬಿಡುವುದನ್ನೂ ಕಲಿಸಿದ. ಹಳೆಯ ಶ್ವಾಸಕೋಶದ ಕಾಯಿಲೆಯಿದ್ದ ಕೊಟ್ರಪ್ಪಜ್ಜನಿಗೆ ಆಸ್ಪತ್ರೆಯಲ್ಲಿ ಎರಡು ಕ್ಲಿಪ್ಪು ಹಾಕಿದ್ದರು. ಬೆರಳಿನದು ರಕ್ತ ಸೇರಿದ ಆಮ್ಲಜನಕವನ್ನು ಅಳೆಯುತ್ತಿತ್ತು. ಕಿವಿಯದು, ಹೊರಗೆ ಹೋಗದೆ ಉಳಿದ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಿತ್ತು. ಬಿಸಿಯಾಗದೆ ಅದಕ್ಕೆ ಅಳೆಯಲು ಬಾರದು.

ಮಾವನಿಗೆ ಇನ್ನಷ್ಟು ಸಿಗಲೆಂದು ಸೊಸೆ ನೀಲಮ್ಮ ಆಮ್ಲಜನಕದ ತಿರುಪನ್ನು ಪ್ರೀತಿಯಿಂದ ತಿರುಗಿಸಿದಳು.

“ತೊಂಬತ್ತೊಂಬತ್ತು!” ಎಂದಿತು ಬೆರಳಿನ ಕ್ಲಿಪ್ಪು. “ಅಜ್ಜನವರು ಸುಖನಿದ್ರೆಯಲ್ಲಿದ್ದಾರೆ.”

“ನಿದ್ರೆಯಲ್ಲ ಸ್ವಾಮಿ, ಮಂಪರು,” ಎಂದಿತು ಕಿವಿಯದು. “ನೀವು ಬಂದದ್ದನ್ನಷ್ಟೇ ಎಣಿಸುತ್ತೀರಿ. ಹೋಗಬೇಕಾದದ್ದು ಒಳಗೇ ಏರುತ್ತಿದೆ.”

“ನಿನ್ನ ಬಾಯಲ್ಲಿ ಒಂದಾದರೂ ಒಳ್ಳೆ ಮಾತು ಬರಬಾರದೇ? ನನ್ನನ್ನು ನೋಡು, ಮನೆಮಂದಿಯೆಲ್ಲ ಕೈಮುಗಿಯುತ್ತಾರೆ.”

ಕಿವಿಯ ಕ್ಲಿಪ್ಪು ಯೋಚಿಸಿತು. ಸುಮ್ಮನಿದ್ದರೆ ತನಗೂ ನಮಸ್ಕಾರ ಸಿಕ್ಕೀತು, ಆದರೆ ಅಜ್ಜ ಉಳಿಯಲಾರ. ದೇವರನ್ನು ನೆನೆದು ಜೋರಾಗಿ ಕೂಗಿಕೊಂಡಿತು.

ನರ್ಸ್ ಓಡಿಬಂದಳು. “ಅಯ್ಯೋ ಅಕ್ಕಾ, ಇದನ್ಯಾಕೆ ತಿರುಗಿಸಿದ್ರಿ? ಇವರಿಗೆ ತೊಂಬತ್ತಿದ್ರೆ ಸಾಕು, ಹೆಚ್ಚಾದ್ರೆ ಕೆಟ್ಟ ಗಾಳಿ ಹೊರಗೆ ಹೋಗದೆ ಒಳಗೇ ತುಂಬ್ಕೊಳ್ತದೆ!” ಎಂದು ಆಮ್ಲಜನಕ ತಗ್ಗಿಸಿದಳು. ಡಾಕ್ಟರು ಬಂದು ಉಸಿರಾಟದ ಯಂತ್ರದ ಮಾಸ್ಕು ಹಾಕಿಸಿದರು.

ಮಧ್ಯಾಹ್ನ ಮಾಸ್ಕು ತೆಗೆದಾಗ ಅಜ್ಜ ಕಣ್ಣುಬಿಟ್ಟ. “ನೀನೇ ಕಾಪಾಡಿದೆಯಪ್ಪ,” ಎಂದು ಬೆರಳಿನ ಕ್ಲಿಪ್ಪನ್ನು ಕಣ್ಣಿಗೊತ್ತಿಕೊಂಡ. ಅದು ಸಂಕೋಚವಿಲ್ಲದೆ ಸ್ವೀಕರಿಸಿತು.

ಆಮೇಲೆ ಕಿವಿ ಮುಟ್ಟಿಕೊಂಡು ಗೊಣಗಿದ: “ಸಿಸ್ಟರ್, ಈ ದರಿದ್ರದ್ದನ್ನ ಕಿತ್ತು ಬಿಸಾಕಮ್ಮ. ಕಿವಿ ಸುಡ್ತದೆ.”

ಗೊಣಗುವಷ್ಟು ಉಸಿರನ್ನು ಅಜ್ಜನಿಗೆ ಮರಳಿ ಕೊಟ್ಟ ಶಿವನಿಗೆ ಕಿವಿಯ ಕ್ಲಿಪ್ಪು ಮನಸ್ಸಿನಲ್ಲೇ ಶರಣೆಂದಿತು.