ಜೈಲಿನೊಳಗೆ ಅಜ್ಜನ ಫೋಟೋ

ನಮ್ಮ ತವರೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಳೇ ಜೈಲೊಂದಿತ್ತು. "ನಾಳೆ ಇದನ್ನ ಕೆಡವಿ ನನ್ನ ಹೆಸರಿನ ಮಾರ್ಕೆಟ್ ಕಟ್ಟಸ್ತೀನಿ!" ಎಂದು ಪುರಸಭೆ ಅಧ್ಯಕ್ಷರು ಗುಡುಗಿದರು.

ಮರುದಿನ ಜೆಸಿಬಿ ಜೊತೆಗೇ ಬಂದರು. ಜೈಲಿನ ಕಸ ಗುಡಿಸುವ ನೀಲವ್ವ ಕೈಮುಗಿದಳು.

"ಚಪ್ಪಲಿ ಬಿಟ್ಟು ಒಳಗ ಬರ್ರಿ ಸಾಹೇಬ್ರ. ನಿಮ್ಮ ಅಜ್ಜಾರೂ ಇದ ಖೋಲ್ಯಾಗ ಸೆರಿ ಇದ್ರು."

ಒಳಗೆ, ಅವರ ಮನೆಯವರನ್ನೇ ಕೇಳಿ ನೀಲವ್ವ ತಂದಿಟ್ಟ ಅಜ್ಜನ ಫೋಟೋ! ಅದಕ್ಕೊಂದು ಹಾರ, ಮುಂದೆ ಊದಿನಕಡ್ಡಿ.

ಅಧ್ಯಕ್ಷರು ಗಳಗಳನೆ ಅತ್ತರು. ಜೆಸಿಬಿ ಬಂದ ದಾರಿಯಲ್ಲೇ ಹೋಯಿತು. ಜೈಲು ಸ್ಮಾರಕ ಭವನವಾಯಿತು. ಬ್ಯಾಂಡು ಬಾರಿಸಿ ಉದ್ಘಾಟನೆ, ಊರಿಗೆಲ್ಲ ಬುಂದೆ ಉಂಡಿ!

ಭಾಷಣಕ್ಕೆ ಏಳುವ ಮುನ್ನ ಅಧ್ಯಕ್ಷರು ನೀಲವ್ವನ ಕಿವಿಯಲ್ಲಿ ಪಿಸುಗುಟ್ಟಿದರು: "ನಮ್ಮಜ್ಜ ಯಾವ ಚಳವಳಿಯೊಳಗ ಸಿಕ್ಕಿದ್ದ?"

"ಎಲ್ಲಿ ಚಳವಳಿರೀ? ಗೌಡ್ರ ಹುಂಜ ಕದ್ದಿದ್ರು."

ಅಧ್ಯಕ್ಷರ ಬಾಯಲ್ಲಿದ್ದ ಉಂಡಿ ಅಲ್ಲೇ ನಿಂತಿತು. "ಯಾರ ಮುಂದೂ ಹೇಳಬ್ಯಾಡ, ನಮ್ಮವ್ವ!"

"ಈ ಜೈಲಿನ ಗ್ವಾಡಿ ನಿಂತಿರೂತನಕ ನಾ ಯಾಕ ಬಾಯಿ ಬಿಡ್ಲಿ, ಸಾಹೇಬ್ರ?"