ತುತ್ತು ಇಳಿಯುವ ಹೊತ್ತು

ಹೊಳೆದಂಡೆಯ ಆಶ್ರಮದಲ್ಲಿ ತೋಂಟಯ್ಯನವರೆಂಬ ವೈದ್ಯಗುರು ಇದ್ದರು. ಅವರ ಶಿಷ್ಯ ಈರಭದ್ರನಿಗೆ ದೇಹಶಾಸ್ತ್ರವೆಲ್ಲ ಬಾಯಿಪಾಠ.

ಲಕ್ವ ಹೊಡೆದು ಮಾತು ನಿಂತಿದ್ದ ಗುರುಪಾದಜ್ಜನಿಗೆ ಗಂಜಿ ಕುಡಿಸುವುದು ಅವನ ಸೇವೆ. ರೋಗಿಗೆ ಉಣಿಸಿದ ಮೇಲೆಯೇ ಉಣಿಸುವ ಶಿಷ್ಯ ಪಂಕ್ತಿಗೆ ಕೂರಬೇಕು, ಅದು ಅಲ್ಲಿನ ನಿಯಮ.

ಅಂದು ಅಡುಗೆಮನೆಯಲ್ಲಿ ಹೋಳಿಗೆ. ಈರಭದ್ರನಿಗೆ ತಡೆಯಲಾಗಲಿಲ್ಲ. ಮಲಗಿದ್ದ ಅಜ್ಜನ ಬಾಯಿಗೆ ಗಂಜಿಯನ್ನು ಸೌಟಿನಲ್ಲೇ ಸುರಿದ.

ಗಂಜಿ ನೆತ್ತಿಗೇರಿತು. ಅಜ್ಜನ ಮುಖ ಕಪ್ಪಿಟ್ಟಿತು. ಗುರುಗಳು ಓಡಿಬಂದು ಎಬ್ಬಿಸಿ ಬೆನ್ನು ತಟ್ಟಿದ್ದಕ್ಕೆ ಜೀವ ಉಳಿಯಿತು.

ಆಮೇಲೆ ಅಜ್ಜ ಯಾರು ಬಂದರೂ ಬಾಯಿ ತೆರೆಯಲಿಲ್ಲ. ಎರಡು ದಿನವಾಯಿತು. ಹೀಗೇ ಆದರೆ ಅವರು ಬದುಕುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಈರಭದ್ರ ನಾಚಿಕೆಯಿಂದ ಕುಗ್ಗಿಹೋದ.

“ಗುರುಗಳೇ, ನಾನೂ ಉಪವಾಸ ಮಾಡುತ್ತೇನೆ.”

“ಅದರಿಂದ ಅಜ್ಜನ ಹೊಟ್ಟೆ ತುಂಬುತ್ತದೆಯೇ?”

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು.

“ತುತ್ತು ಹೇಗೆ ಇಳಿಯುತ್ತದೆ, ಹೇಳು.”

“ಹಲ್ಲು ಅಗಿಯುತ್ತದೆ, ಜೊಲ್ಲು ನೆನೆಸುತ್ತದೆ, ನಾಲಿಗೆ ಹಿಂದಕ್ಕೆ ತಳ್ಳುತ್ತದೆ. ಉಸಿರಿನ ದಾರಿಗೆ ಮುಚ್ಚಳ ಬೀಳುತ್ತದೆ. ಅನ್ನನಾಳ ಹಿಂಡಿ ಹಿಂಡಿ ಜಠರಕ್ಕೆ ಇಳಿಸುತ್ತದೆ.”

“ಚೆನ್ನಾಗಿ ಹೇಳಿದೆ. ಈಗ ಮಲಗು.”

ಗುರುಗಳು ಅವನ ಬಾಯಿಯ ಮೇಲೆ ನೀರು ತುಂಬಿದ ಸೌಟು ಹಿಡಿದರು. ಒಂದು ಹನಿಯನ್ನೂ ಸುರಿಯಲಿಲ್ಲ. ಆದರೂ ಈರಭದ್ರನ ತುಟಿ ತಾನಾಗಿ ಬಿಗಿಯಿತು.

“ಯಾಕೆ ಮುಚ್ಚಿದೆ?”

“ಯಾವಾಗ ಸುರಿಯುತ್ತೀರೋ ಎಂದು ಹೆದರಿಕೆಯಾಯಿತು.”

ಹೇಳುತ್ತಲೇ ಅವನ ಕಣ್ಣು ತುಂಬಿತು. ಎದ್ದು ನೇರ ಅಜ್ಜನ ಬಳಿ ಹೋದ. ಅವರನ್ನು ಒರಗಿಸಿ ಕೂರಿಸಿ, ಗದ್ದ ತುಸು ತಗ್ಗಿಸಿದ. ಗಟ್ಟಿ ಗಂಜಿಯನ್ನು ಅರ್ಧ ಚಮಚ ತೆಗೆದುಕೊಂಡ.

ಅಜ್ಜ ಮುಖ ತಿರುಗಿಸಿದರು.

“ತಪ್ಪಾಯಿತು ಅಜ್ಜ. ಹೋಳಿಗೆಯ ಆಸೆಗೆ ನಿಮ್ಮ ಜೀವವನ್ನೇ ಮರೆತೆ. ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ.”

ಅಜ್ಜ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ತುಟಿ ಚೂರು ಬಿಡಿಸಿದರು.

ಈರಭದ್ರ ಗಂಜಿಯನ್ನು ನಾಲಿಗೆಯ ಮೇಲಿಟ್ಟು ಕಾದ. ಅಜ್ಜನ ಗಂಟಲ ಗಂಟು ಮೇಲೆದ್ದಿತು, ನಿಧಾನವಾಗಿ ಕೆಳಗಿಳಿಯಿತು. ಕೆಮ್ಮು ಬರಲಿಲ್ಲ.

ಊಟದ ಗಂಟೆ ಹೊಡೆಯಿತು. ಅವನು ಕದಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗುರುಗಳನ್ನು ಮೆಲ್ಲಗೆ ಕೇಳಿದ:

“ಇನ್ನೊಂದು ತುತ್ತು ಯಾವಾಗ ಕೊಡಲಿ, ಗುರುಗಳೇ?”

“ನನ್ನನ್ನೇಕೆ ಕೇಳುತ್ತೀಯಪ್ಪಾ? ನುಂಗುವವರು ಅವರು.”