ನೋಟಿಸ್ ಓದಿದ ಸಾಹೇಬರು

ಗೋಡೆ ಇದ್ದರೆ ಮಕ್ಕಳ ಮನಸ್ಸು ಅರಳೋದಿಲ್ಲ ಅಂತ ಶಾಲೆಯ ಒಳಗೋಡೆಗಳನ್ನೆಲ್ಲ ಒಡೆಸಿ, ಐದೂ ತರಗತಿಗಳನ್ನು ಒಂದೇ ಹಾಲಿನಲ್ಲಿ ಕೂರಿಸಿದವರು ಶಿಕ್ಷಣ ಇಲಾಖೆಯ ಸಾಹೇಬರೇ. ಆ ಗದ್ದಲದಲ್ಲಿ ಕೂಗಿ ಕೂಗಿ ನೀಲಗಂಗಾ ಅಕ್ಕೋರ ದನಿಯೇ ಹೋಯಿತು. ಸ್ಲೇಟಿನ ಮೇಲೆ ಬರೆದು ಪಾಠ ಮಾಡತೊಡಗಿದರು.

ಸಾಹೇಬರು ನೋಟಿಸ್ ಹಿಡಿದು ಬಂದರು. "ಬಾಯಿ ಬಿಡದೆ ಪಾಠ ಮಾಡ್ತೀರೇನ್ರಿ? ಸಹಿ ಹಾಕ್ರಿ!"

ಅಕ್ಕೋರು ಬರೆದು ತೋರಿಸಿದರು: "ಎಲ್ಲಾರಿಗೂ ಕೇಳೋ ಹಂಗ ಓದ್ರಿ ಸರ್. ಆಮ್ಯಾಲೆ ಹಾಕ್ತೀನಿ."

ಸಾಹೇಬರು ಠೀವಿಯಿಂದ ಶುರು ಮಾಡಿದರು. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಪದ್ಯ. ದನಿ ಏರಿಸಿದರು, ಅರಚಿದರು. ಅರ್ಧ ಪುಟಕ್ಕೇ ಗಂಟಲು ಕಟ್ಟಿತು. ನೀರು ಬೇಕೆಂದು ಸನ್ನೆ ಮಾಡಿದರು.

ಅಕ್ಕೋರು ನೀರು ಕೊಟ್ಟು, ಸ್ಲೇಟ್ ಒರೆಸಿ ಬರೆದರು: "ನಿಮಗ ಇನ್ನ ಅರ್ಧ ಪುಟ ಐತ್ರಿ ಸರ್. ನನಗ ರಿಟೈರ್ ಆಗಾಕ ಹದಿನಾಲ್ಕು ವರ್ಷ ಐತಿ."